ಕಾರಿನ ಥ್ರಾಟಲ್, ಐಡ್ಲಿಂಗ್ ತೊಂದರೆ: ಭಾಗ ಬದಲಿಸುವ ಮೊದಲು ಕಾರಣ ಹುಡುಕುವ ಕ್ರಮ

ಕಾಲು ತೆಗೆದ ತಕ್ಷಣ ಎಂಜಿನ್ ಆಫ್ ಆಗುವುದು, ನಿಂತಲ್ಲೇ ರೇಸ್ ಆಗುವುದು, ಸುತ್ತು ಏರಿಳಿಯುತ್ತಾ ಗುರುಗುಟ್ಟುವುದು, ಆಕ್ಸಿಲರೇಟರ್ ಒತ್ತಿದರೂ ಕ್ಷಣಕಾಲ ಗಾಡಿ ಮುಗ್ಗರಿಸುವುದು. ಪೆಟ್ರೋಲ್ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಎದುರಿಸುವ ತೊಂದರೆಗಳಿವು. ಬಹಳಷ್ಟು ಸಲ ಇದಕ್ಕೆ ಕಾರಣ ದೊಡ್ಡದೇನೂ ಆಗಿರುವುದಿಲ್ಲ. ಕಟ್ಟಿಕೊಂಡ ಮಸಿ, ಬಿರುಕು ಬಿಟ್ಟ ಒಂದು ರಬ್ಬರ್ ಪೈಪು ಅಥವಾ ಸಡಿಲವಾದ ಒಂದು ಕನೆಕ್ಟರ್ ಇಷ್ಟಕ್ಕೆಲ್ಲ ಸಾಕು. ಆದರೆ ಕ್ರಮವಾಗಿ ಹುಡುಕದೆ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಹೋದರೆ ಸಾವಿರಾರು ರೂಪಾಯಿ ಖರ್ಚಾಗಿಯೂ ತೊಂದರೆ ಹಾಗೆಯೇ ಉಳಿಯುತ್ತದೆ.

ಗಡಿ ಭಾಗದ ಹಳ್ಳಿಗಳ ಮಟ್ಟಿಗೆ ಇದು ಬರೀ ಖರ್ಚಿನ ಮಾತಲ್ಲ. ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ವಯನಾಡಿನವರು ಕೋಳಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಚುರದಲ್ಲಿ ಅಂತಹ 9 ತಿರುವುಗಳಿವೆ. ಇಳಿಜಾರಿನ ತಿರುವಿನಲ್ಲಿ ಎಂಜಿನ್ ನಿಂತುಹೋದರೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಆದ್ದರಿಂದ ಐಡ್ಲಿಂಗ್ ತೊಂದರೆಯನ್ನು 'ಇನ್ನೊಂದು ವಾರ ಓಡಲಿ' ಎಂದು ಬಿಡುವುದು ಸರಿಯಲ್ಲ.

ಥ್ರಾಟಲ್ ಮಾಡುವ ಕೆಲಸ

ಆಕ್ಸಿಲರೇಟರ್ ಒತ್ತಿದರೆ ಎಂಜಿನ್‌ಗೆ ಪೆಟ್ರೋಲ್ ಸುರಿಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಪೆಟ್ರೋಲ್ ಕಾರಿನಲ್ಲಿ ನಿಜವಾಗಿ ತೆರೆದುಕೊಳ್ಳುವುದು ಗಾಳಿಯ ಬಾಗಿಲು. ಗಾಳಿ ಒಳಹೋಗುವ ಕೊಳವೆಯಲ್ಲಿ ಒಂದು ದುಂಡನೆಯ ಲೋಹದ ತಟ್ಟೆ ಸಣ್ಣ ಸಲಾಕೆಯ ಮೇಲೆ ತಿರುಗುತ್ತದೆ. ಇದೇ ಥ್ರಾಟಲ್. ತಟ್ಟೆ ತೆರೆದಷ್ಟೂ ಗಾಳಿ ಹೆಚ್ಚು ಹೋಗುತ್ತದೆ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರುತ್ತದೆ. ಎಥನಾಲ್ ಬೆರೆಯದ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು.

ಪೆಡಲಿನಿಂದ ಕಾಲು ತೆಗೆದಾಗ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಆಗ ಅಂಚಿನ ಕೂದಲೆಳೆಯಷ್ಟು ಸಂದಿನಿಂದ ಅಥವಾ ಪಕ್ಕದ ಸಣ್ಣ ದಾರಿಯಿಂದ ಹೋಗುವ ಗಾಳಿಯಲ್ಲೇ ಎಂಜಿನ್ ತಿರುಗುತ್ತಿರಬೇಕು. ಈ ಸ್ಥಿತಿಗೆ ಐಡ್ಲಿಂಗ್ ಎಂದು ಹೆಸರು. ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತದೆ. ಬೆಳಗ್ಗೆ ತಣ್ಣಗಿರುವಾಗ 1200ರಿಂದ 1500ರವರೆಗೆ ಇದ್ದು, ಬಿಸಿಯಾಗುತ್ತಾ ಇಳಿಯುವುದು ಸಹಜ.

ಐಡ್ಲಿಂಗ್‌ನಲ್ಲಿ ಎಂಜಿನ್‌ಗೆ ಹೋಗುವ ಗಾಳಿ ತೀರಾ ಕಡಿಮೆ. ಹಾಗಾಗಿ ಸೂಜಿ ತೂತಿನಿಂದ ನುಗ್ಗುವ ಗಾಳಿಯೂ ಅಲ್ಲಿ ದೊಡ್ಡ ಪಾಲಾಗುತ್ತದೆ. ಅದೇ ತೂತು 60 ಕಿ.ಮೀ. ವೇಗದಲ್ಲಿ ಗಮನಕ್ಕೇ ಬರುವುದಿಲ್ಲ. ಓಡುವಾಗ ಚೆನ್ನಾಗಿರುವ ಕಾರು ನಿಂತಾಗ ಮಾತ್ರ ತೊಂದರೆ ಕೊಡುವುದು ಇದೇ ಕಾರಣಕ್ಕೆ.

ಕಾರು ಯಾವ ಬಗೆಯದು?

ತಪಾಸಣೆಗೆ ಮೊದಲು ಕಾರು ಈ ಮೂರರಲ್ಲಿ ಯಾವುದು ಎಂದು ತಿಳಿಯಬೇಕು.

ಕಾರ್ಬ್ಯುರೇಟರ್ ಕಾರು: 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಮತ್ತು ಅದರ ಹಿಂದೆಯೇ ಬಂದ ಓಮ್ನಿ ಮೊದಲ ವರ್ಷಗಳಲ್ಲಿ ಈ ಬಗೆಯವು. ಅಂಬಾಸಿಡರ್, ಪದ್ಮಿನಿಗಳೂ ಹಾಗೆಯೇ. ಇವುಗಳಲ್ಲಿ ಐಡ್ಲಿಂಗ್ ಸ್ಕ್ರೂ, ಮಿಕ್ಸ್ಚರ್ ಸ್ಕ್ರೂ, ಸಣ್ಣ ಜೆಟ್ ಮತ್ತು ಚೋಕ್ ಇವೇ ಎಲ್ಲವನ್ನೂ ನಿರ್ಧರಿಸುತ್ತವೆ.

ಕೇಬಲ್ ಇರುವ ಎಂಪಿಎಫ್‌ಐ ಕಾರು: ಮಾರುತಿ 800ಕ್ಕೆ ಎಂಪಿಎಫ್‌ಐ ಬಂದದ್ದು 2000ದಲ್ಲಿ. ಇಲ್ಲಿ ಪೆಡಲಿನಿಂದ ಥ್ರಾಟಲ್‌ಗೆ ತಂತಿ ಇರುತ್ತದೆ. ಪೆಟ್ರೋಲ್ ಅಳೆಯುವುದು ಮಾತ್ರ ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ. ಐಡ್ಲಿಂಗ್ ನೋಡಿಕೊಳ್ಳಲು ಥ್ರಾಟಲ್ ಪಕ್ಕದಲ್ಲಿ ಐಡಲ್ ಕಂಟ್ರೋಲ್ ವಾಲ್ವ್ ಎಂಬ ಸಣ್ಣ ವಾಲ್ವ್ ಇರುತ್ತದೆ.

ಎಲೆಕ್ಟ್ರಾನಿಕ್ ಥ್ರಾಟಲ್ ಕಾರು: ಇಂದಿನ ಬಹುತೇಕ ಪೆಟ್ರೋಲ್ ಕಾರುಗಳು ಈ ಬಗೆಯವು. ಪೆಡಲಿನಲ್ಲಿ ತಂತಿ ಇಲ್ಲ, ಸೆನ್ಸರ್ ಮಾತ್ರ. ತಟ್ಟೆಯನ್ನು ತಿರುಗಿಸುವುದು ಒಂದು ಸಣ್ಣ ಮೋಟಾರು. ಪೆಡಲ್ ಮತ್ತು ಥ್ರಾಟಲ್ ಎರಡರಲ್ಲೂ ಜೋಡಿ ಸೆನ್ಸರ್‌ಗಳಿದ್ದು, ಅವುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದರೆ ಇಸಿಯು ಎಂಜಿನ್ ಬಲವನ್ನು ಮಿತಿಗೊಳಿಸುತ್ತದೆ. ಆಗ ಎಷ್ಟು ಒತ್ತಿದರೂ ಕಾರು ಕುಂಟುತ್ತಾ ಸಾಗುತ್ತದೆ.

ಬಾನೆಟ್ ಎತ್ತುವ ಮೊದಲು

ಅರ್ಧ ಉತ್ತರ ಈ ಪ್ರಶ್ನೆಗಳಲ್ಲೇ ಸಿಗುತ್ತದೆ. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

- ತೊಂದರೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ, ಯಾವಾಗಲೂ ಇದೆಯೋ?
- ಎಸಿ ಹಾಕಿದಾಗ, ಹೆಡ್‌ಲೈಟ್ ಹಾಕಿದಾಗ, ಬ್ರೇಕ್ ಒತ್ತಿದಾಗ ಹೆಚ್ಚುತ್ತದೆಯೋ?
- ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತೋ? ಬ್ಯಾಟರಿ ಬದಲಿಸಿದ ಮೇಲೋ? ಸರ್ವಿಸ್ ಅಥವಾ ವಾಟರ್ ವಾಶ್ ಆದ ಮೇಲೋ?
- ಗ್ಯಾಸ್ ಕಿಟ್ ಇದ್ದರೆ, ಗ್ಯಾಸಿನಲ್ಲಿ ಮಾತ್ರವೋ, ಪೆಟ್ರೋಲಿನಲ್ಲೂ ಇದೆಯೋ?
- ಚೆಕ್ ಎಂಜಿನ್ ದೀಪ ಹತ್ತಿದೆಯೋ?

ಗ್ಯಾಸಿನಲ್ಲಿ ಮಾತ್ರ ತೊಂದರೆ ಇದ್ದರೆ ಕಿಟ್ ಕಡೆ ನೋಡಬೇಕು. ಪೆಟ್ರೋಲಿನಲ್ಲಿ ಮಾತ್ರ ಇದ್ದರೆ, ತಿಂಗಳುಗಟ್ಟಲೆ ಬಳಸದೆ ಕಟ್ಟಿಕೊಂಡ ಇಂಜೆಕ್ಟರ್‌ಗಳ ಮೇಲೆ ಅನುಮಾನ ಪಡಬಹುದು. ಎರಡರಲ್ಲೂ ಇದ್ದರೆ ಗಾಳಿ ಅಥವಾ ಕಿಡಿಯ ಕಡೆ ದೋಷವಿದೆ ಎಂದರ್ಥ.

ಎಚ್ಚರಿಕೆ ವಹಿಸಬೇಕಾದ ಅಂಶಗಳು

ಎಂಜಿನ್ ಚಾಲೂ ಇಟ್ಟು ನೋಡುವ ಕೆಲಸ ಬಯಲಿನಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಸೇರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಬೇಕು. ಲುಂಗಿಯ ಅಂಚು, ಶಾಲು, ಸೆರಗು ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಲು ಶುರುವಾಗಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ತಟ್ಟೆಯನ್ನು ಕೀ ಆನ್ ಇರುವಾಗ ಬೆರಳಿನಿಂದ ಮುಟ್ಟಲೇಬಾರದು. ಮೋಟಾರು ತಿರುಗಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿರುವುದರಿಂದ ಸೀಟು ಎತ್ತಿ ನೋಡುವಾಗ ಬಾಗಿಲುಗಳೆಲ್ಲ ತೆರೆದಿರಲಿ.

ಹುಡುಕುವ ಕ್ರಮ

ಖರ್ಚಿಲ್ಲದ್ದರಿಂದ ಆರಂಭಿಸಿ ಖರ್ಚಿನದ್ದರ ಕಡೆಗೆ ಹೋಗುವುದೇ ಸರಿಯಾದ ಕ್ರಮ.

1. ಪೆಡಲ್ ಮತ್ತು ಕೇಬಲ್: ನೆಲದ ಮ್ಯಾಟ್ ಪೆಡಲಿಗೆ ತಗಲುತ್ತಿದೆಯೇ ಎಂದು ಮೊದಲು ನೋಡಬೇಕು. ಇದು ಸಣ್ಣ ವಿಷಯವಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳನ್ನು ವಾಪಸ್ ಕರೆಯಬೇಕಾಗಿ ಬಂದದ್ದು ಮ್ಯಾಟ್‌ಗೆ ಪೆಡಲ್ ಸಿಕ್ಕಿಕೊಳ್ಳುವ ಭಯದಿಂದಲೇ. ಕೇಬಲ್ ಇರುವ ಕಾರಿನಲ್ಲಿ ಎಂಜಿನ್ ಆಫ್ ಮಾಡಿ ಒಬ್ಬರು ಪೆಡಲ್ ಒತ್ತಿ ಬಿಡಬೇಕು, ಇನ್ನೊಬ್ಬರು ಥ್ರಾಟಲ್ ನೋಡಬೇಕು. ಬಿಟ್ಟ ತಕ್ಷಣ ಅದು ಟಕ್ಕೆಂದು ಮುಚ್ಚಬೇಕು. ನಿಧಾನವಾಗಿ ಮುಚ್ಚಿದರೆ ಕೇಬಲ್ ತುಕ್ಕು ಹಿಡಿದಿರಬಹುದು ಅಥವಾ ಒಳಗಿನ ಎಳೆಗಳು ಬಿಚ್ಚಿಕೊಂಡಿರಬಹುದು. ಮಳೆ ಹೆಚ್ಚಿರುವ ಕಾಸರಗೋಡು, ವಯನಾಡು ಕಡೆಯ ಹಳೆಯ ಕಾರುಗಳಲ್ಲಿ ಇದನ್ನು ಮರೆಯಬಾರದು.

2. ಏರ್ ಫಿಲ್ಟರ್: ಫಿಲ್ಟರ್ ಪೆಟ್ಟಿಗೆ ತೆರೆದು ನೋಡಲು ಐದು ನಿಮಿಷ ಸಾಕು. ಆದೋನಿ, ರಾಯದುರ್ಗ, ಜತ್ತ ಕಡೆಯ ಬೇಸಿಗೆಯ ಧೂಳಿನಲ್ಲಿ ಓಡುವ ಕಾರಿಗೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಬೇಗ ಫಿಲ್ಟರ್ ಬದಲಿಸಬೇಕಾಗುತ್ತದೆ. ಭತ್ತ, ಅಡಿಕೆ, ಜೋಳ ಶೇಖರಿಸಿಟ್ಟ ಮನೆಯ ಪಕ್ಕ ನಿಲ್ಲುವ ಕಾರಿನಲ್ಲಿ ಇಲಿಗಳು ಫಿಲ್ಟರ್ ಪೆಟ್ಟಿಗೆಯೊಳಗೆ ಗೂಡು ಕಟ್ಟುವುದುಂಟು. ಅಲ್ಲೇ ಸುತ್ತಮುತ್ತ ಕಡಿದ ವಯರ್ ಇದೆಯೇ ಎಂದೂ ನೋಡಬೇಕು.

3. ವ್ಯಾಕ್ಯೂಮ್ ಪೈಪುಗಳು: ಥ್ರಾಟಲ್ ಮತ್ತು ಎಂಜಿನ್ ನಡುವಿನ ಭಾಗದಲ್ಲಿ ಎಂಜಿನ್ ಗಾಳಿಯನ್ನು ಹೀರುತ್ತಿರುತ್ತದೆ. ಅಲ್ಲಿಂದ ಹೊರಡುವ ಒಂದು ರಬ್ಬರ್ ಪೈಪು ಬಿರುಕು ಬಿಟ್ಟರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. 'ಸುಂಯ್' ಎಂಬ ಸದ್ದು ಕೇಳಿದರೆ ಆ ಜಾಗ ಹುಡುಕಬೇಕು. ಐಡ್ಲಿಂಗ್‌ನಲ್ಲಿಟ್ಟು ಪೈಪುಗಳ ಕೂಡಿಕೆಯ ಮೇಲೆ ಸ್ವಲ್ಪ ನೀರು ಸಿಂಪಡಿಸಿದಾಗ ಸುತ್ತು ಬದಲಾದರೆ ಸೋರಿಕೆ ಅಲ್ಲೇ ಇದೆ. ಪ್ಲಗ್ ವಯರ್, ಕಾಯಿಲ್ ಮೇಲೆ ನೀರು ಬೀಳಬಾರದು. ಕೆಲವರು ಪೆಟ್ರೋಲ್ ಸಿಂಪಡಿಸಿ ನೋಡುತ್ತಾರೆ, ಬೆಂಕಿ ಹೊತ್ತಿಕೊಳ್ಳುವ ಆ ವಿಧಾನ ಬೇಡ. ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪನ್ನು ಮುಖ್ಯವಾಗಿ ನೋಡಬೇಕು. ಬ್ರೇಕ್ ಒತ್ತಿದಾಗಲೆಲ್ಲ ಐಡ್ಲಿಂಗ್ ಬದಲಾಗುತ್ತಿದ್ದರೆ ಬೂಸ್ಟರ್ ಅಥವಾ ಅದರ ಪೈಪು ಸೋರುತ್ತಿರಬಹುದು. ಇದು ಬ್ರೇಕಿನ ದೋಷವೂ ಹೌದಾದ್ದರಿಂದ ಸರಿಯಾಗುವವರೆಗೆ ಕಾರು ಓಡಿಸಬಾರದು.

ಎಂಪಿಎಫ್‌ಐ ಕಾರುಗಳಲ್ಲಿ ಸುತ್ತು 800ಕ್ಕೂ 1500ಕ್ಕೂ ನಡುವೆ ಉಯ್ಯಾಲೆಯಾಡುವುದಕ್ಕೆ ಇಂತಹ ಸೋರಿಕೆ ಸಾಮಾನ್ಯ ಕಾರಣ. ಹೆಚ್ಚುವರಿ ಗಾಳಿಯಿಂದ ಸುತ್ತು ಏರುತ್ತದೆ. ಪೆಡಲ್ ಒತ್ತಿಲ್ಲ, ಆದರೂ ಸುತ್ತು ಹೆಚ್ಚಿದೆ, ಅಂದರೆ ಕಾರು ಇಳಿಜಾರಿನಲ್ಲಿದೆ ಎಂದು ಇಸಿಯು ತಿಳಿದು ಪೆಟ್ರೋಲ್ ನಿಲ್ಲಿಸುತ್ತದೆ. ಸುತ್ತು ಬಿದ್ದ ಕೂಡಲೇ ಮತ್ತೆ ಕೊಡುತ್ತದೆ. ಈ ಆಟ ನಡೆಯುತ್ತಲೇ ಇರುತ್ತದೆ.

4. ಥ್ರಾಟಲ್ ಬಾಡಿಯ ಮಸಿ: ಎಂಜಿನ್ ಆಯಿಲಿನ ಆವಿ ಮತ್ತು ಧೂಳು ಸೇರಿ ತಟ್ಟೆಯ ಅಂಚಿನಲ್ಲಿ ಕಪ್ಪು ಪದರ ಕಟ್ಟುತ್ತದೆ. ಸಂದು ಮುಚ್ಚಿದಂತೆ ಐಡ್ಲಿಂಗ್ ಇಳಿಯುತ್ತದೆ, ಕಾಲು ತೆಗೆದಾಗ ಎಂಜಿನ್ ಆಫ್ ಆಗುತ್ತದೆ. ಎಂಜಿನ್ ತಣ್ಣಗಾದ ಮೇಲೆ, ಕೀ ತೆಗೆದು, ಥ್ರಾಟಲ್ ಬಾಡಿ ಕ್ಲೀನರ್ ಹಾಕಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬ್ಲೇಡು, ಉಜ್ಜುಕಾಗದ, ತಂತಿ ಬ್ರಷ್ ಬಳಸಬಾರದು. ಸೆನ್ಸರ್ ಇರುವ ಕಡೆಗೆ ನೇರವಾಗಿ ಸ್ಪ್ರೇ ಹೊಡೆಯಬಾರದು. ಎಲೆಕ್ಟ್ರಾನಿಕ್ ಥ್ರಾಟಲ್ ತಟ್ಟೆಯನ್ನು ಬಲವಂತವಾಗಿ ತಳ್ಳಿದರೆ ಒಳಗಿನ ಹಲ್ಲು ಮುರಿಯಬಹುದು, ಅದನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು. ಕ್ಲೀನರ್ ಡಬ್ಬಿಗೆ ಕೆಲವು ನೂರು ರೂಪಾಯಿ, ಹೊಸ ಥ್ರಾಟಲ್ ಬಾಡಿಗೆ ಹಲವು ಸಾವಿರ. ಒರೆಸಿ ನೋಡದೆ ಬದಲಿಸಲು ಒಪ್ಪಬಾರದು.

ಒರೆಸಿದ ಮೇಲೆ ಕೆಲವು ಕಾರುಗಳಲ್ಲಿ ಐಡ್ಲಿಂಗ್ ಏರುತ್ತದೆ. ಮಸಿ ಇದ್ದಾಗಿನ ಲೆಕ್ಕ ಇಸಿಯು ನೆನಪಿನಲ್ಲಿ ಉಳಿದಿರುವುದೇ ಕಾರಣ. ಬ್ಯಾಟರಿ ಕಳಚಿದ ಮೇಲೆ ಐಡ್ಲಿಂಗ್ ಕೆಡುವುದು ಕೂಡ ಆ ನೆನಪು ಅಳಿಸಿಹೋಗುವುದರಿಂದ. ಮತ್ತೆ ಕಲಿಸುವ ವಿಧಾನ ಕಂಪನಿಯಿಂದ ಕಂಪನಿಗೆ ಬೇರೆಯಾಗಿದೆ. ಕೆಲವು ಕಾರು ಓಡುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸ್ಕ್ಯಾನರ್ ಬೇಕು.

5. ಐಡಲ್ ಕಂಟ್ರೋಲ್ ವಾಲ್ವ್: ಐಡ್ಲಿಂಗ್‌ನಲ್ಲಿಟ್ಟು ಹೆಡ್‌ಲೈಟ್, ನಂತರ ಎಸಿ ಹಾಕಬೇಕು. ಸುತ್ತು ಒಂದು ಕ್ಷಣ ಇಳಿದು ತಾನೇ ಸುಧಾರಿಸಿಕೊಂಡರೆ ವಾಲ್ವ್ ಕೆಲಸ ಮಾಡುತ್ತಿದೆ. ಸುಧಾರಿಸದೆ ನಡುಗುತ್ತಾ ಆಫ್ ಆದರೆ ವಾಲ್ವ್ ಮಸಿಯಿಂದ ಸಿಕ್ಕಿಕೊಂಡಿರಬಹುದು. ಇದನ್ನೂ ಮೊದಲು ತೊಳೆದು ನೋಡಬೇಕು. ಕೇಬಲ್ ಕಾರುಗಳಲ್ಲಿ ಥ್ರಾಟಲ್ ತಟ್ಟೆ ನಿಲ್ಲುವ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿದೆ. ಅದು ಕಾರ್ಬ್ಯುರೇಟರ್ ಕಾಲದ ಅಭ್ಯಾಸ. ಎಂಪಿಎಫ್‌ಐ ಕಾರಿನಲ್ಲಿ ಹಾಗೆ ಮಾಡಿದರೆ ಪೆಡಲ್ ಬಿಟ್ಟಿದೆ ಎಂಬುದೇ ಇಸಿಯುಗೆ ತಿಳಿಯದೆ ಹೊಸ ತೊಂದರೆ ಹುಟ್ಟುತ್ತದೆ.

6. ಉಷ್ಣಾಂಶದ ಲೆಕ್ಕ: ಎಂಜಿನ್ ತಣ್ಣಗಿದೆಯೇ ಬಿಸಿಯಿದೆಯೇ ಎಂದು ಇಸಿಯುಗೆ ಹೇಳುವುದು ಕೂಲೆಂಟ್ ಸೆನ್ಸರ್. ಅದು ಸದಾ 'ತಣ್ಣಗಿದೆ' ಎಂದು ಸುಳ್ಳು ಹೇಳಿದರೆ ಐಡ್ಲಿಂಗ್ ಹೆಚ್ಚೇ ಇರುತ್ತದೆ, ಕಪ್ಪು ಹೊಗೆ ಬರುತ್ತದೆ, ಮೈಲೇಜ್ ಬೀಳುತ್ತದೆ. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ಎಸೆಯುವ ರೂಢಿಯೂ ಇದೆ. ಆಗ ಸೆನ್ಸರ್ ಸುಳ್ಳು ಹೇಳುವುದಿಲ್ಲ, ಎಂಜಿನ್ ನಿಜವಾಗಿಯೂ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಫಲ ಮಾತ್ರ ಒಂದೇ.

7. ಥ್ರಾಟಲ್ ಪೊಸಿಷನ್ ಸೆನ್ಸರ್: ಪೆಡಲನ್ನು ಸ್ವಲ್ಪ ಒತ್ತಿದಾಗ ಗಾಡಿ ಎಗರುವುದು ಅಥವಾ ಒಂದೇ ಜಾಗದಲ್ಲಿ ಮುಗ್ಗರಿಸುವುದು ಇದರ ಲಕ್ಷಣ. ಕೇಬಲ್ ಕಾರುಗಳ ಸೆನ್ಸರ್‌ಗೆ ಸಾಮಾನ್ಯವಾಗಿ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಹಿಡಿದು ತಟ್ಟೆಯನ್ನು ನಿಧಾನ ತೆರೆದಾಗ ಸಿಗ್ನಲ್ ವಯರ್‌ನಲ್ಲಿ ಸುಮಾರು ಅರ್ಧ ವೋಲ್ಟಿನಿಂದ 4 ವೋಲ್ಟಿನಾಚೆಗೆ ಒಂದೇ ಸಮನೆ ಏರಬೇಕು. ನಡುವೆ ಜಿಗಿದರೆ ಸೆನ್ಸರ್ ಸವೆದಿದೆ.

8. ಕಿಡಿ ಮತ್ತು ಪೆಟ್ರೋಲ್: ಒಂದು ಸಿಲಿಂಡರ್ ಕೆಲಸ ಮಾಡದಿದ್ದರೂ ಐಡ್ಲಿಂಗ್ ನಡುಗುತ್ತದೆ. ಇದನ್ನೇ ಗ್ಯಾರೇಜಿನಲ್ಲಿ 'ಮಿಸ್ಸಿಂಗ್' ಎನ್ನುವುದು. ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ನಡುಕ ಇನ್ನೂ ಹೆಚ್ಚು. ಪ್ಲಗ್ ಬಿಚ್ಚಿ ನೋಡಿದರೆ ತಿಳಿ ಕಂದು ಬಣ್ಣ ಒಳ್ಳೆಯದು, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಚಿಕೊಂಡಿದ್ದರೆ ಗಾಳಿ ಹೆಚ್ಚು, ಎಣ್ಣೆ ಇದ್ದರೆ ಎಂಜಿನ್ ಸವೆತ. ಕಿಡಿಯಿಲ್ಲದ ಸಿಲಿಂಡರ್ ಇಟ್ಟುಕೊಂಡು ದೂರ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕೆಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಅದು ಪ್ಲಗ್‌ಗಿಂತ ಎಷ್ಟೋ ಪಟ್ಟು ದುಬಾರಿ.

ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ಎಥನಾಲ್ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪು ಹೀರುವುದು ತಳದಿಂದಲೇ. ಮಳೆಗಾಲವಿಡೀ ನಿಂತ ಕಾರು, ಕ್ಯಾನಿನಲ್ಲಿ ತುಂಬಿಟ್ಟ ಪೆಟ್ರೋಲ್, ಸಡಿಲ ಮುಚ್ಚಳ ಇವು ಈ ತೊಂದರೆಗೆ ದಾರಿ. ಆಕ್ಸಿಜನ್ ಸೆನ್ಸರ್ ಇರುವ ಕಾರು ಎಥನಾಲಿಗೆ ತಕ್ಕಂತೆ ಪೆಟ್ರೋಲ್ ಅಳತೆಯನ್ನು ಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಕಾರಿಗೆ ಆ ಬುದ್ಧಿ ಇಲ್ಲ, ಹಾಗಾಗಿ ಮಿಶ್ರಣ ಸ್ವಲ್ಪ ತೆಳುವಾಗಿ ಬೆಳಗ್ಗೆ ಸ್ಟಾರ್ಟ್ ಕಷ್ಟವಾಗಬಹುದು. ಹಳೆಯ ರಬ್ಬರ್ ಪೈಪುಗಳನ್ನೂ ಆಗಾಗ ಪರೀಕ್ಷಿಸಬೇಕು.

ಬೆಟ್ಟ ಹತ್ತಿದಾಗ ಬದಲಾಗುವ ಐಡ್ಲಿಂಗ್

ಸಮುದ್ರ ಮಟ್ಟದಿಂದ ಸುಮಾರು 2240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನಾಲ್ಕರಲ್ಲಿ ಒಂದು ಪಾಲಿನಷ್ಟು ಕಡಿಮೆ. ಮೇಟುಪಾಳ್ಯದಲ್ಲಿ ಚೆನ್ನಾಗಿದ್ದ ಕಾರ್ಬ್ಯುರೇಟರ್ ಕಾರು ಅಲ್ಲಿ ಗಾಳಿ ಸಾಲದೆ ಕಪ್ಪು ಹೊಗೆ ಬಿಡುತ್ತದೆ, ಐಡ್ಲಿಂಗ್ ಇಳಿಯುತ್ತದೆ. ಅಲ್ಲೇ ಸ್ಕ್ರೂ ತಿರುಗಿಸಿ ಸರಿಮಾಡಿಕೊಂಡವರು ಕೆಳಗಿಳಿದ ಮೇಲೆ ಮತ್ತೆ ಹೊಂದಿಸಬೇಕು. ಇಲ್ಲದಿದ್ದರೆ ಕೆಳಗೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯಾಗುತ್ತದೆ. ಎಂಪಿಎಫ್‌ಐ ಕಾರು ಒತ್ತಡವನ್ನು ತಾನೇ ಅಳೆದುಕೊಳ್ಳುವುದರಿಂದ ಬೆಟ್ಟದಲ್ಲಿ ಮಾತ್ರ ಐಡ್ಲಿಂಗ್ ಕೆಟ್ಟರೆ ಆ ಸೆನ್ಸರ್ ಅಥವಾ ಅದರ ಪೈಪಿನ ಮೇಲೆ ಅನುಮಾನ ಪಡಬಹುದು.

ಲಕ್ಷಣ ನೋಡಿ ಎಲ್ಲಿ ಹುಡುಕಬೇಕು?

- ಕಾಲು ತೆಗೆದಾಗ ಆಫ್: ಥ್ರಾಟಲ್ ಮಸಿ, ಐಡಲ್ ವಾಲ್ವ್, ಕಾರ್ಬ್ಯುರೇಟರ್‌ನಲ್ಲಾದರೆ ಸಣ್ಣ ಜೆಟ್ ಕಟ್ಟಿರುವುದು.
- ಐಡ್ಲಿಂಗ್ ಸದಾ ಹೆಚ್ಚು: ಗಾಳಿ ಸೋರಿಕೆ, ಬಿಗಿಯಾದ ಕೇಬಲ್, ಕೂಲೆಂಟ್ ಸೆನ್ಸರ್, ಇಲ್ಲದ ಥರ್ಮೋಸ್ಟಾಟ್.
- ಸುತ್ತು ಏರಿಳಿತ: ಗಾಳಿ ಸೋರಿಕೆ, ಸಿಕ್ಕಿಕೊಂಡ ಐಡಲ್ ವಾಲ್ವ್.
- ಎಸಿ ಹಾಕಿದಾಗ ಆಫ್: ಐಡಲ್ ವಾಲ್ವ್, ಥ್ರಾಟಲ್ ಮಸಿ, ಭಾರವಾದ ಕಂಪ್ರೆಸರ್.
- ಒಂದೇ ಸಮನೆ ನಡುಕ: ಪ್ಲಗ್, ಕಾಯಿಲ್, ಇಂಜೆಕ್ಟರ್, ಸವೆದ ಎಂಜಿನ್ ಮೌಂಟಿಂಗ್ ರಬ್ಬರ್.
- ಪೆಟ್ರೋಲ್ ಹಾಕಿಸಿದ ಕೂಡಲೇ ಶುರು: ಪೆಟ್ರೋಲಿನಲ್ಲಿ ನೀರು.

ಡೀಸೆಲ್ ವಾಹನಗಳ ಲೆಕ್ಕ ಬೇರೆ. ಅಲ್ಲಿ ಬಲವನ್ನು ನಿಯಂತ್ರಿಸುವುದು ಗಾಳಿಯಲ್ಲ, ಡೀಸೆಲ್ ಪ್ರಮಾಣ. ಐಡ್ಲಿಂಗ್ ಏರಿಳಿತಕ್ಕೆ ಮೊದಲು ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು, ಪೈಪಿಗೆ ಸೇರಿದ ಗಾಳಿ ಇವನ್ನು ನೋಡಬೇಕು.

ಚೆಕ್ ಎಂಜಿನ್ ದೀಪ ಮತ್ತು ಸಂಕೇತ ಸಂಖ್ಯೆ

ನಮ್ಮ ದೇಶದ ಬಿಎಸ್-4 ಕಾರುಗಳಲ್ಲಿ ದೋಷವನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೇ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಜೋಡಿಸಿದರೆ ಸಂಕೇತ ಸಂಖ್ಯೆ ಬರುತ್ತದೆ. ಪಿ0506 ಎಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ, ಪಿ0507 ಎಂದರೆ ಹೆಚ್ಚು. ಪಿ0171 ಎಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚು. ಪಿ0300 ಎಂದರೆ ಮಿಸ್ಸಿಂಗ್. ಪಿ2135 ಎಂದರೆ ಥ್ರಾಟಲ್‌ನ ಜೋಡಿ ಸೆನ್ಸರ್‌ಗಳ ಲೆಕ್ಕ ತಾಳೆಯಾಗುತ್ತಿಲ್ಲ. ಸಂಕೇತವು ದೋಷದ ಲಕ್ಷಣವನ್ನು ಹೇಳುತ್ತದೆಯೇ ಹೊರತು ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಪಿ0171 ಬಂದಾಗ ಆಕ್ಸಿಜನ್ ಸೆನ್ಸರ್ ಬದಲಿಸಿ, ಕೊನೆಗೆ ಹರಿದ ಪೈಪು ಸಿಗುವುದು ಹೀಗೆಯೇ.

ಹೊಗೆ ತಪಾಸಣೆ ಚೀಟಿಯಲ್ಲಿರುವ ಸುಳಿವು

ದಂಡ ತಪ್ಪಿಸಿಕೊಳ್ಳಲೆಂದು ಮಾಡಿಸಿ ಡ್ಯಾಶ್‌ಬೋರ್ಡಿನಲ್ಲಿ ಎಸೆಯುವ ಪಿಯುಸಿ ಚೀಟಿಯಲ್ಲಿ ಐಡ್ಲಿಂಗ್‌ನ ಆರೋಗ್ಯವೂ ಬರೆದಿರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ನಮೂನೆ ನಿಗದಿಪಡಿಸಿತು. ಹಾಗಾಗಿ ಕೇರಳದಲ್ಲಿ ಮಾಡಿಸಿದರೂ ಮಹಾರಾಷ್ಟ್ರದಲ್ಲಿ ಮಾಡಿಸಿದರೂ ನೋಡಬೇಕಾದ ಅಂಕಿಗಳು ಅವೇ. ಐಡ್ಲಿಂಗ್‌ನಲ್ಲಿ ಬಿಎಸ್-4 ಪೆಟ್ರೋಲ್ ಕಾರಿನ ಕಾರ್ಬನ್ ಮೊನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಬಿಎಸ್-2 ಮತ್ತು ಬಿಎಸ್-3 ಕಾರಿಗೆ 0.5 ಶೇಕಡಾ ಮತ್ತು 750 ಪಿಪಿಎಂ. ಅದಕ್ಕೂ ಹಳೆಯ ಕಾರಿಗೆ 3 ಶೇಕಡಾ ಮತ್ತು 1500 ಪಿಪಿಎಂ.

ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ: ಏರ್ ಫಿಲ್ಟರ್, ಚೋಕ್, ಕೂಲೆಂಟ್ ಸೆನ್ಸರ್ ನೋಡಬೇಕು. ಅದು ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ: ಪ್ಲಗ್, ಕಾಯಿಲ್, ಗಾಳಿ ಸೋರಿಕೆ ನೋಡಬೇಕು. ಹಳೆಯ ಚೀಟಿಗಳನ್ನು ಎಸೆಯದೆ ಜೋಡಿಸಿಟ್ಟರೆ ದೋಷ ಯಾವಾಗ ಶುರುವಾಯಿತು ಎಂಬುದೂ ತಿಳಿಯುತ್ತದೆ.

ಘಾಟಿಯಲ್ಲಿ ತೊಂದರೆಯಾದರೆ

ಎಂಜಿನ್ ನಿಂತರೂ ಬೂಸ್ಟರಿನಲ್ಲಿ ಉಳಿದ ನಿರ್ವಾತದಿಂದ ಒಂದೆರಡು ಸಲ ಬ್ರೇಕ್ ಸುಲಭವಾಗಿ ಹಿಡಿಯುತ್ತದೆ. ಆದ್ದರಿಂದ ಪೆಡಲನ್ನು ಒತ್ತಿ ಬಿಡುತ್ತಾ ಇರದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿದು ರಸ್ತೆಯ ಬದಿಗೆ ನಿಲ್ಲಿಸಬೇಕು. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬಾರದು, ಸ್ಟೀರಿಂಗ್ ಲಾಕ್ ಆಗುತ್ತದೆ. ಆಕ್ಸಿಲರೇಟರ್ ಸಿಕ್ಕಿಕೊಂಡು ಕಾರು ತಾನೇ ಓಡತೊಡಗಿದರೆ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಬ್ರೇಕ್ ಗಟ್ಟಿಯಾಗಿ ಹಿಡಿದು, ನಿಂತ ಮೇಲೆ ಎಂಜಿನ್ ಆಫ್ ಮಾಡಬೇಕು.

ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು, ಕೀ ಆಫ್ ಮಾಡುವವರು ಈಗಲೂ ಇದ್ದಾರೆ. ಎಂಪಿಎಫ್‌ಐ ಕಾರಿನಲ್ಲಿ ಗೇರ್‌ನಲ್ಲಿಟ್ಟು ಕಾಲು ತೆಗೆದು ಇಳಿದರೆ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಪೆಟ್ರೋಲ್ ಖರ್ಚಾಗುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ ಬ್ರೇಕಿನ ನೆರವೂ ಇಲ್ಲ.

ಗ್ಯಾರೇಜಿಗೆ ಹೋದಾಗ

ಗಡಿಯ ಯಾವ ಬದಿಯ ಗ್ಯಾರೇಜಿಗೆ ಹೋದರೂ ಐಡ್ಲಿಂಗ್, ರೇಸ್, ಮಿಸ್ಸಿಂಗ್, ಪಿಕಪ್ ಎಂಬ ಮಾತುಗಳು ನಡೆಯುತ್ತವೆ. ಆದರೆ 'ಐಡ್ಲಿಂಗ್ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹಿಸಬೇಕಾಗುತ್ತದೆ. 'ಬಿಸಿಯಾದ ಮೇಲೆ, ಎಸಿ ಹಾಕಿ ನಿಂತಾಗ ಮಾತ್ರ ಆಫ್ ಆಗುತ್ತದೆ, ಏರ್ ಫಿಲ್ಟರ್ ನೋಡಿದ್ದೇವೆ, ಪೈಪು ಸೋರುತ್ತಿಲ್ಲ' ಎಂದರೆ ಅರ್ಧ ಕೆಲಸ ಮುಗಿದಂತೆ. ದೋಷ ಕಾಣುತ್ತಿರುವಾಗಲೇ ತೋರಿಸಬೇಕು. ಯಾವುದೇ ಭಾಗ ಬದಲಿಸುವ ಮೊದಲು ಅದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳುವುದು ಗ್ರಾಹಕರ ಹಕ್ಕು. ಸಂಕೇತ ಸಂಖ್ಯೆಯನ್ನು ಅಳಿಸುವ ಮೊದಲು ಬರೆದುಕೊಳ್ಳಬೇಕು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಕಾರು ಸರಿಯಾದರೂ ಕಾರಣ ಯಾವುದೆಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುತ್ತದೆ.